ತಬ್ಬಲಿ ಬೆಕ್ಕಿನ ಮರಿ ಸಿಕ್ಕಿದೆಯೇ? ಮೊದಲು ಶಾಖ, ಆಮೇಲೆ ಸಕ್ಕರೆ, ಹಾಲು ಕೊನೆಗೆ

"ರಾತ್ರಿ ಚೆನ್ನಾಗಿ ಹಾಲು ಕುಡಿಸಿದ್ದೆ, ಬೆಳಿಗ್ಗೆ ನೋಡಿದರೆ ಸತ್ತಿತ್ತು." ಮಳೆಗಾಲ ಶುರುವಾದರೆ ಈ ಮಾತನ್ನು ನಾನು ಮತ್ತೆ ಮತ್ತೆ ಕೇಳುತ್ತೇನೆ. ಹೇಳುವವರು ಅಸಡ್ಡೆ ಮಾಡಿದವರಲ್ಲ, ಮರಿಗಾಗಿ ರಾತ್ರಿಯೆಲ್ಲ ಎದ್ದು ಕೂತವರು. ಏನೇನು ಮಾಡಿದಿರಿ ಎಂದು ಒಂದೊಂದಾಗಿ ಕೇಳುತ್ತಾ ಹೋದರೆ ಹೆಚ್ಚಿನ ಕಡೆ ಒಂದೇ ತಪ್ಪು ಸಿಗುತ್ತದೆ. ಮರಿಯ ಮೈ ತಣ್ಣಗಿರುವಾಗಲೇ ಹಾಲು ಕೊಟ್ಟಿರುತ್ತಾರೆ. ನಾನು ಕಳೆದುಕೊಂಡ ಮೊದಲ ಮರಿಯೂ ಹೀಗೆಯೇ ಹೋಯಿತು.

ಮೈ ತಣ್ಣಗಾದ ಮರಿಯ ಹೊಟ್ಟೆ, ಕರುಳು ಕೆಲಸ ನಿಲ್ಲಿಸಿರುತ್ತವೆ. ಒಳಗೆ ಹೋದ ಹಾಲು ಅರಗುವುದಿಲ್ಲ. ಅಲ್ಲೇ ಕೆಟ್ಟು ಹೊಟ್ಟೆ ಉಬ್ಬುತ್ತದೆ, ಇಲ್ಲವೇ ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಅದಕ್ಕೇ ಈ ಮಾರ್ಗದರ್ಶಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಇಲ್ಲಿ ಹೇಳಿರುವುದು ಮೊದಲ ಎರಡು ದಿನದ ಆರೈಕೆ. ಪಶುವೈದ್ಯರ ಹತ್ತಿರ ಮುಟ್ಟಿಸುವ ತನಕ ಮರಿಯ ಜೀವ ಹಿಡಿದಿಡಲು ಇದು ಬೇಕು.

## ಎತ್ತಿಕೊಳ್ಳುವ ಮೊದಲು: ತಾಯಿ ನಿಜವಾಗಿ ಬಿಟ್ಟುಹೋಗಿದೆಯೇ?

ತಾಯಿ ಬೆಕ್ಕು ಮರಿಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಜಾಗ ಬದಲಿಸುತ್ತದೆ. ನೀವು ನೋಡಿದ ಮರಿ ಸರದಿಗಾಗಿ ಕಾಯುತ್ತಿರಬಹುದು. ಮರಿ ಬೆಚ್ಚಗಿದ್ದು, ಹೊಟ್ಟೆ ತುಂಬಿದ್ದು, ಸುಮ್ಮನೆ ಮಲಗಿದ್ದರೆ ಮುಟ್ಟಬೇಡಿ. ದೂರದಲ್ಲಿ, ತಾಯಿಗೆ ಕಾಣದ ಹಾಗೆ ನಿಂತು ಮೂರು ನಾಲ್ಕು ಗಂಟೆ ಕಾಯಿರಿ. ಅಷ್ಟು ಹೊತ್ತು ಕಾಯಲು ಆಗದಿದ್ದರೆ ಮರಿಯ ಸುತ್ತ ತೆಳ್ಳಗೆ ಅಕ್ಕಿ ಹಿಟ್ಟೋ ರಾಗಿ ಹಿಟ್ಟೋ ಉದುರಿಸಿ ಹೋಗಿ. ತಾಯಿ ಬಂದಿದ್ದರೆ ಹಿಟ್ಟಿನ ಮೇಲೆ ಹೆಜ್ಜೆ ಕಾಣುತ್ತದೆ.

ಆದರೆ ಮರಿ ತಣ್ಣಗಿದ್ದರೆ, ಒದ್ದೆಯಾಗಿದ್ದರೆ, ಇರುವೆ ಮುತ್ತಿದ್ದರೆ, ಗಾಯ ಇದ್ದರೆ ಅಥವಾ ಕೂಗಲೂ ಶಕ್ತಿ ಇಲ್ಲದಿದ್ದರೆ ಕಾಯುವ ಮಾತೇ ಇಲ್ಲ. ತಕ್ಷಣ ಎತ್ತಿಕೊಳ್ಳಿ. ಮನುಷ್ಯರು ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎನ್ನುವುದು ನಿಜವಲ್ಲ. ಮೈ ತಣ್ಣಗಿರುವ ಮರಿಯನ್ನು ತಾಯಿ ದೂರ ತಳ್ಳುವುದುಂಟು. ಹಾಗಾಗಿ ಮೊದಲು ಬೆಚ್ಚಗೆ ಮಾಡಿ. ತಾಯಿ ಅಲ್ಲೇ ಓಡಾಡುತ್ತಿದ್ದರೆ ಆಮೇಲೆ ಅದೇ ಜಾಗಕ್ಕೆ ಒಯ್ದು ನೋಡಿ. ತಾಯಿಯ ಹಾಲಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

## ಬೇಕಾಗುವ ಸಾಮಾನು

ಹೆಚ್ಚಿನವು ಮನೆಯಲ್ಲೇ ಇರುತ್ತವೆ. ಎತ್ತರದ ರಟ್ಟಿನ ಡಬ್ಬ, ಹಳೆಯ ಹತ್ತಿ ಪಂಚೆ ಅಥವಾ ಸೀರೆ, ಬಿಸಿ ನೀರಿನ ಚೀಲ ಅಥವಾ ಗಟ್ಟಿ ಮುಚ್ಚಳದ ಬಾಟಲಿ, ಹತ್ತಿ, ಗ್ಲೂಕೋಸ್ ಪುಡಿ ಅಥವಾ ಸಕ್ಕರೆ. ಮೆಡಿಕಲ್ ಶಾಪಿನಿಂದ 1 ಮಿಲಿ ಮತ್ತು 2 ಮಿಲಿ ಸಿರಿಂಜ್ ತಂದು ಸೂಜಿ ತೆಗೆದುಬಿಡಿ. ಒಂದು ಡಿಜಿಟಲ್ ಥರ್ಮಾಮೀಟರ್ ತನ್ನಿ, ಅದನ್ನು ಮರಿಗೆಂದೇ ಬೇರೆ ಇಡಿ.

ಇನ್ನೊಂದು, ಗ್ರಾಂ ಲೆಕ್ಕ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಇದನ್ನು ಯಾರೂ ತರುವುದಿಲ್ಲ. ಎಷ್ಟು ಹಾಲು ಕೊಡಬೇಕು, ಮರಿ ಉಳಿಯುತ್ತಿದೆಯೋ ಇಲ್ಲವೋ ಎರಡನ್ನೂ ಹೇಳುವುದು ಇದೇ. ಪಕ್ಕದ ಮನೆಯಿಂದಾದರೂ ಕೇಳಿ ತನ್ನಿ.

## ಹಂತ 1: ಐದು ನಿಮಿಷದ ಪರೀಕ್ಷೆ

ಮರಿಯನ್ನು ಎದೆಗೆ ಅವಚಿಕೊಂಡೇ ಇದನ್ನು ಮಾಡಿ, ನೆಲದ ಮೇಲೆ ಇಡಬೇಡಿ.

ನಿಮ್ಮ ಕಿರುಬೆರಳನ್ನು ತೊಳೆದು ಅದರ ಬಾಯೊಳಗೆ ಇಡಿ. ಬಾಯಿ ಬೆಚ್ಚಗಿರಬೇಕು. ತಣ್ಣಗಿದ್ದರೆ ಮರಿ ಅಪಾಯದಲ್ಲಿದೆ. ಒಸಡಿನ ಬಣ್ಣ ನೋಡಿ. ತಿಳಿ ಗುಲಾಬಿ ಇದ್ದರೆ ಸರಿ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ, ನೀಲಿಗಟ್ಟಿದ್ದರೆ ಉಸಿರಾಟದ ತೊಂದರೆ. ಬೆರಳು ಅಂಟಂಟಾದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ದೊಡ್ಡ ಬೆಕ್ಕಿಗೆ ಮಾಡುವ ಹಾಗೆ ಕುತ್ತಿಗೆಯ ಚರ್ಮ ಎಳೆದು ನೋಡುವ ವಿಧಾನ ಪುಟ್ಟ ಮರಿಗಳಲ್ಲಿ ನಂಬುವಂಥದ್ದಲ್ಲ.

ಥರ್ಮಾಮೀಟರಿನ ತುದಿಗೆ ಸ್ವಲ್ಪ ವ್ಯಾಸಲೀನ್ ಹಚ್ಚಿ, ಗುದದಲ್ಲಿ ಒಂದು ಸೆಂಟಿಮೀಟರಿಗಿಂತ ಒಳಗೆ ಹೋಗದಂತೆ ಇಟ್ಟು ನೋಡಿ. ಮೊದಲ ವಾರದ ಮರಿಗೆ 95ರಿಂದ 99 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಎರಡು ಮೂರು ವಾರದ್ದಕ್ಕೆ 97ರಿಂದ 100. ನಾಲ್ಕು ವಾರ ದಾಟಿದರೆ 100ರಿಂದ 102. ಥರ್ಮಾಮೀಟರ್ ಅಂಕಿಯೇ ತೋರಿಸದೆ 'ಲೋ' ಎಂದರೆ ಅದು ಕೆಟ್ಟಿಲ್ಲ, ಮರಿ ಅಷ್ಟು ತಣ್ಣಗಾಗಿದೆ.

ವಯಸ್ಸನ್ನೂ ಅಂದಾಜು ಮಾಡಿ. ಹೊಕ್ಕುಳಬಳ್ಳಿ ಇನ್ನೂ ಇದ್ದರೆ ಐದು ದಿನದೊಳಗಿನ ಮರಿ. ಕಣ್ಣು ಬಿಡುವುದು ಏಳರಿಂದ ಹದಿನಾಲ್ಕು ದಿನದ ಮಧ್ಯೆ. ಮುಂದಿನ ಪುಟ್ಟ ಹಲ್ಲು ಕಾಣಿಸಿ, ಕಿವಿ ನೆಟ್ಟಗಾಗಿ, ತೂರಾಡುತ್ತಾ ನಡೆದರೆ ಮೂರು ವಾರ. ತೂಕ ನೋಡಿ ವಯಸ್ಸು ಹೇಳಬೇಡಿ. ಹುಟ್ಟಿದಾಗ ಸುಮಾರು 100 ಗ್ರಾಂ ಇರುತ್ತದೆ, ಆದರೆ ಉಪವಾಸ ಬಿದ್ದ ಎರಡು ವಾರದ ಮರಿ 150 ಗ್ರಾಂ ಇರುವುದನ್ನು ನೋಡಿದ್ದೇನೆ.

## ಹಂತ 2: ಶಾಖ, ಅದೂ ನಿಧಾನವಾಗಿ

ಒದ್ದೆಯಾಗಿದ್ದರೆ ಮೊದಲು ಒರೆಸಿ. ತಾಯಿ ನೆಕ್ಕುವ ಹಾಗೆ ಒಣ ಬಟ್ಟೆಯಿಂದ ಮೃದುವಾಗಿ, ಬಿಡದೆ ಉಜ್ಜಿ. ಆಮೇಲೆ ನಿಮ್ಮ ಅಂಗಿಯೊಳಗೆ, ಮೈಗೆ ತಾಗುವ ಹಾಗೆ ಎದೆಯ ಮೇಲೆ ಇಟ್ಟುಕೊಳ್ಳಿ. ಮೊದಲ ಅರ್ಧ ಗಂಟೆಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಷ್ಟರಲ್ಲಿ ಮನೆಯವರು ಯಾರಾದರೂ ಡಬ್ಬ ಸಿದ್ಧ ಮಾಡಲಿ.

ಡಬ್ಬದ ಅರ್ಧ ಭಾಗಕ್ಕೆ ಮಾತ್ರ ಶಾಖ ಇರಬೇಕು. ಸ್ನಾನದ ನೀರಿನಷ್ಟು ಬಿಸಿ ಇರುವ ನೀರನ್ನು ಬಾಟಲಿಗೆ ತುಂಬಿ, ಎರಡು ಸುತ್ತು ಬಟ್ಟೆ ಸುತ್ತಿ ಒಂದು ಬದಿಗೆ ಇಡಿ. ನಿಮ್ಮ ಮುಂಗೈಯ ಒಳಭಾಗಕ್ಕೆ ತಾಗಿಸಿ ನೋಡಿ, ಹಿತವಾಗಿರಬೇಕು. ಇನ್ನೊಂದು ಅರ್ಧ ಖಾಲಿ ಬಿಡಿ. ಜಾಸ್ತಿ ಬಿಸಿಯಾದರೆ ಮರಿ ಸರಿದುಕೊಳ್ಳಲು ಜಾಗ ಬೇಕಲ್ವಾ? ಸರಿದುಕೊಳ್ಳಲೂ ಆಗದಷ್ಟು ನಿತ್ರಾಣವಾಗಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ನೀವೇ ಮಗ್ಗುಲು ಬದಲಿಸಿ. ಬಿಸಿ ನೀರಿನ ಚೀಲ ಇಲ್ಲದವರು ಒಂದು ಲೋಟ ಅಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿ, ದಪ್ಪ ಕಾಲುಚೀಲಕ್ಕೆ ತುಂಬಿ ಗಂಟು ಕಟ್ಟಬಹುದು.

ಬಾಟಲಿ ಎರಡು ಗಂಟೆಯೊಳಗೆ ತಣಿಯುತ್ತದೆ. ತಣಿದ ಬಾಟಲಿ ಮರಿಯ ಮೈಯ ಶಾಖವನ್ನೇ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ಮರಿಗಳು ಸಾಯುವುದಕ್ಕೆ ಇದು ದೊಡ್ಡ ಕಾರಣ. ಅಲಾರಾಂ ಇಟ್ಟುಕೊಳ್ಳಿ.

ಈಗ ತಪ್ಪುಗಳು. ಒಲೆಯ ಪಕ್ಕ, ಸುಡು ಬಿಸಿಲಿನಲ್ಲಿ ಇಡಬೇಡಿ. ಬಿಸಿ ನೀರಿನಲ್ಲಿ ಮುಳುಗಿಸಬೇಡಿ. ತಣ್ಣಗಾದ ಮೈಗೆ ಒಮ್ಮೆಲೇ ಬಿಸಿ ತಾಗಿದರೆ ಚರ್ಮದ ರಕ್ತನಾಳಗಳು ಅಗಲವಾಗಿ, ಒಳಗಿನ ಅಂಗಗಳಿಗೆ ರಕ್ತ ಕಡಿಮೆಯಾಗಿ ಮರಿ ಕುಸಿದುಬಿಡುತ್ತದೆ. ಒಂದರಿಂದ ಮೂರು ಗಂಟೆ ಹಿಡಿಯಲಿ, ಪರವಾಗಿಲ್ಲ. ಹಿಂದೆ ಕೋಳಿ ಮರಿಗೆ ಬಲ್ಬು ಹಾಕುತ್ತಿದ್ದರಲ್ಲ, ಹಾಗೆಂದು ಈಗಿನ ಎಲ್‌ಇಡಿ ಬಲ್ಬು ಹಾಕಿದರೆ ಬೆಳಕು ಬರುತ್ತದೆಯೇ ಹೊರತು ಶಾಖ ಬರುವುದಿಲ್ಲ. ಬಾಣಂತಿ ಕೋಣೆಯ ಹಾಗೆ ಸಾಂಬ್ರಾಣಿ ಹೊಗೆ ಹಾಕುವುದಂತೂ ಬೇಡವೇ ಬೇಡ.

ಮೈ 96 ಡಿಗ್ರಿ ಮುಟ್ಟುವ ತನಕ, ಥರ್ಮಾಮೀಟರ್ ಇಲ್ಲದಿದ್ದರೆ ಬಾಯೊಳಗೆ ಚೆನ್ನಾಗಿ ಬೆಚ್ಚಗಾಗುವ ತನಕ ಹಾಲು ಕೊಡಬೇಡಿ. ಅದು ಎಷ್ಟೇ ಕೂಗಲಿ, ನಿಮ್ಮ ಕರುಳು ಎಷ್ಟೇ ಚುರುಕ್ ಎನ್ನಲಿ.

## ಹಂತ 3: ಒಸಡಿಗೆ ಸಕ್ಕರೆ ನೀರು

ಉಪವಾಸ ಬಿದ್ದ ಮರಿಯ ರಕ್ತದಲ್ಲಿ ಸಕ್ಕರೆ ಇಳಿದಿರುತ್ತದೆ. ಜೋತುಬಿದ್ದ ಮೈ, ಸಣ್ಣ ನಡುಕ, ಕರೆದರೂ ತಟ್ಟಿದರೂ ಅಲುಗಾಡದಿರುವುದು ಇದರ ಲಕ್ಷಣ.

ಒಂದು ಟೀ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು 50 ಮಿಲಿ ಉಗುರುಬೆಚ್ಚಗಿನ ನೀರಿನಲ್ಲಿ ಪೂರ್ತಿ ಕರಗಿಸಿ. ಬೆರಳ ತುದಿಯಿಂದ ಎರಡು ಮೂರು ಹನಿಯನ್ನು ಒಸಡಿಗೆ ಸವರಿ. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಹೀಗೆ ಮಾಡಿ. ಇದನ್ನು ಶಾಖ ಕೊಡುತ್ತಿರುವಾಗಲೇ ಮಾಡಬಹುದು, ಏಕೆಂದರೆ ಸವರುತ್ತಿದ್ದೀರಿ, ಕುಡಿಸುತ್ತಿಲ್ಲ. ನುಂಗಲು ಆಗದ ಮರಿಯ ಬಾಯಿಗೆ ಏನನ್ನೂ ಸುರಿಯಬೇಡಿ.

ಸ್ವಲ್ಪ ಹೊತ್ತಿಗೆ ಮರಿ ತಲೆ ಎತ್ತುತ್ತದೆ, ಬೆರಳು ಚೀಪಲು ನೋಡುತ್ತದೆ. ಆಗ ಸಂತೋಷದಲ್ಲಿ ಹಾಲಿಗೆ ಓಡಬೇಡಿ. ಇನ್ನೊಮ್ಮೆ ಮೈ ಬಿಸಿ ನೋಡಿ.

## ಹಂತ 4: ಹಾಲು

ಯಾವ ಹಾಲು? ಸಾಕುಪ್ರಾಣಿ ಅಂಗಡಿಯಲ್ಲಿ ಸಿಗುವ, ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ. ಡಬ್ಬದ ಮೇಲೆ ಬರೆದ ಅಳತೆಗೇ ಕಲೆಸಿ. ಗಟ್ಟಿ ಮಾಡಿದರೆ ಹೊಟ್ಟೆ ಕಟ್ಟುತ್ತದೆ ಅಥವಾ ಕೆಡುತ್ತದೆ, ತೆಳ್ಳಗೆ ಮಾಡಿದರೆ ಶಕ್ತಿ ಸಾಲುವುದಿಲ್ಲ.

ಹಸುವಿನ ಹಾಲು ಯಾಕೆ ಬೇಡ? ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿಗಿಂತ ಸುಮಾರು ಎರಡು ಪಟ್ಟು ಇರುತ್ತದೆ, ಲ್ಯಾಕ್ಟೋಸ್, ಅಂದರೆ ಹಾಲಿನಲ್ಲಿರುವ ಸಕ್ಕರೆ, ಕಡಿಮೆ. ಹಸುವಿನ ಹಾಲಿಗೆ ನೀರು ಬೆರೆಸಿದರೆ ಇದ್ದ ಸತ್ವವೂ ಹೋಗುತ್ತದೆ. ಮರಿಗೆ ಭೇದಿ ಶುರುವಾದರೆ ಮೈಯ ನೀರೆಲ್ಲ ಒಂದೇ ದಿನದಲ್ಲಿ ಇಳಿದುಹೋಗುತ್ತದೆ.

ನಮ್ಮಲ್ಲಿ ಸುಮಾರು ಊರುಗಳಲ್ಲಿ ಆ ಪುಡಿ ಸಿಗುವುದಿಲ್ಲ, ಆನ್‌ಲೈನಿನಲ್ಲಿ ತರಿಸಿದರೆ ಎರಡು ದಿನ. ಅಲ್ಲಿಯ ತನಕ 100 ಮಿಲಿ ಲ್ಯಾಕ್ಟೋಸ್ ಇಲ್ಲದ ಹಾಲಿಗೆ ಒಂದು ತಾಜಾ ಮೊಟ್ಟೆಯ ಹಳದಿಯನ್ನು ಮಾತ್ರ ಚೆನ್ನಾಗಿ ಕದಡಿ, ಸೋಸಿ ಕೊಡಬಹುದು. ಅದು ಸಿಗದಿದ್ದರೆ ಕಾಯಿಸಿ ಆರಿಸಿದ ಮೇಕೆ ಹಾಲು. ಎರಡೂ ತಾತ್ಕಾಲಿಕ ಮಾತ್ರ. ಕಲೆಸಿದ್ದನ್ನು ಫ್ರಿಜ್ಜಿನಲ್ಲಿಡಿ, 24 ಗಂಟೆ ದಾಟಿದರೆ ಚೆಲ್ಲಿ. ಒಮ್ಮೆ ಬೆಚ್ಚಗೆ ಮಾಡಿ ಉಳಿದದ್ದನ್ನು ಮತ್ತೆ ಕೊಡಬೇಡಿ.

ಮೊದಲ ಸಲ ಪೂರ್ತಿ ಹಾಲಿನ ಬದಲು ಅರ್ಧ ಹಾಲು, ಅರ್ಧ ಓಆರ್‌ಎಸ್ ನೀರು ಕೊಡಿ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೂ ನೀರಿಗೆ ಹಾಕಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕಲೆಸಿದರೆ ಉಪ್ಪು ವಿಷವಾಗುತ್ತದೆ. ಹಣ್ಣಿನ ರುಚಿಯ ಟೆಟ್ರಾ ಪ್ಯಾಕ್ ಪಾನೀಯ ಬೇಡ.

ಎಷ್ಟು? ಮರಿಯ ಪ್ರತಿ 100 ಗ್ರಾಂ ತೂಕಕ್ಕೆ ಒಂದು ದಿನಕ್ಕೆ ಸುಮಾರು 20 ಮಿಲಿ ಹಾಲು ಬೇಕು. ಆದರೆ ಅದೇ 100 ಗ್ರಾಂ ತೂಕಕ್ಕೆ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 4 ಮಿಲಿ ಮಾತ್ರ. 150 ಗ್ರಾಂ ಮರಿಗೆ ಲೆಕ್ಕ ಹಾಕಿ: ದಿನಕ್ಕೆ 30 ಮಿಲಿ, ಮೂರು ಗಂಟೆಗೊಮ್ಮೆ ಎಂಟು ಸಲ, ಒಂದು ಸಲಕ್ಕೆ ಸುಮಾರು 4 ಮಿಲಿ. ಯಾವ ಕಾರಣಕ್ಕೂ ಒಂದೇ ಸಲ 6 ಮಿಲಿ ದಾಟಬಾರದು. ನಿತ್ರಾಣವಾದ ಮರಿಗೆ ಮೊದಲ ಮೂರು ನಾಲ್ಕು ಸಲ ಇದರ ಅರ್ಧ ಕೊಟ್ಟು, ಅಂತರವನ್ನು ಎರಡು ಗಂಟೆಗೆ ಇಳಿಸಿ. "ಪಾಪ, ಹಸಿದಿದೆ" ಎಂದು ಜಾಸ್ತಿ ಕುಡಿಸುವುದು ಮರಿಯನ್ನು ಕಳೆದುಕೊಳ್ಳುವ ಎರಡನೇ ದಾರಿ.

ಒಂದು ವಾರದೊಳಗಿನ ಮರಿಗೆ ಎರಡು ಗಂಟೆಗೊಮ್ಮೆ, ಎರಡನೇ ವಾರದಲ್ಲಿ ಎರಡು ಮೂರು ಗಂಟೆಗೆ, ಮೂರನೇ ವಾರದಲ್ಲಿ ಮೂರು ನಾಲ್ಕು ಗಂಟೆಗೆ. ರಾತ್ರಿಯೂ ಇದೇ ಲೆಕ್ಕ.

ಹೇಗೆ? ಮರಿಯನ್ನು ಮನುಷ್ಯರ ಕೂಸಿನ ಹಾಗೆ ಅಂಗಾತ ಮಲಗಿಸಬೇಡಿ. ಇದು ನಾನು ಎಷ್ಟು ಸಲ ಹೇಳಿದರೂ ಸಾಲದ ಮಾತು. ಹೊಟ್ಟೆ ಕೆಳಗಾಗಿ, ನಾಲ್ಕೂ ಕಾಲು ಬಟ್ಟೆಗೆ ಊರಿ, ತಲೆ ಸ್ವಲ್ಪವೇ ಮೇಲೆ. ತಾಯಿಯ ಹತ್ತಿರ ಅದು ಹಾಲು ಕುಡಿಯುವುದೇ ಹಾಗೆ. ಒಳಲೆ, ಚಮಚ, ಹತ್ತಿಯ ಬತ್ತಿ ಯಾವುದೂ ಬೇಡ. ಒಳಲೆಯಿಂದ ಹಾಲು ಗಂಟಲಿಗೆ ಸುರಿದಂತಾಗುತ್ತದೆ. ಮರಿಗೆ ಅಷ್ಟನ್ನು ನುಂಗಲು ಬರುವುದಿಲ್ಲ.

ಹಾಲು ನಿಮ್ಮ ಮಣಿಕಟ್ಟಿನ ಮೇಲೆ ಹಾಕಿದರೆ ಉಗುರುಬೆಚ್ಚಗಿರಬೇಕು. ಸಿರಿಂಜಿನ ತುದಿಯನ್ನು ಬಾಯಿಯ ಪಕ್ಕದಿಂದ ಇಟ್ಟು ಒಂದು ಹನಿ ಬಿಡಿ. ಮರಿ ನುಂಗಿದ ಮೇಲೆ ಇನ್ನೊಂದು ಹನಿ. 4 ಮಿಲಿಗೆ ಹತ್ತು ನಿಮಿಷ ಹಿಡಿದರೂ ಸರಿ. 5 ಮಿಲಿ ಸಿರಿಂಜ್ ಬಿಗಿಯಾಗಿದ್ದರೆ ಕೈ ಜಾರಿ ಒಮ್ಮೆಲೇ ಜಾಸ್ತಿ ಹೋಗುತ್ತದೆ, ಅದಕ್ಕೇ ಚಿಕ್ಕದನ್ನು ತರಲು ಹೇಳಿದ್ದು. ಕುಡಿದ ಮೇಲೆ ಬೆನ್ನನ್ನು ಎರಡು ಬೆರಳಿನಿಂದ ಮೆಲ್ಲಗೆ ತಟ್ಟಿ ತೇಗು ಬರಿಸಿ.

ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ. ತಲೆ ಕೆಳಕ್ಕೆ ಬಾಗಿಸಿ ಹಿಡಿದು, ಮೂಗು ಒರೆಸಿ, ಬೆನ್ನು ಉಜ್ಜಿ. ಜೋರಾಗಿ ಬೀಸಿ ಅಲುಗಾಡಿಸಬೇಡಿ. ಮುಂದಿನ ಗಂಟೆಗಳಲ್ಲಿ ಉಸಿರಾಡುವಾಗ ಗುರುಗುರು ಸದ್ದು ಬಂದರೆ ವೈದ್ಯರ ಹತ್ತಿರ ಹೊರಡಿ.

ನಾಲ್ಕು ವಾರ ದಾಟಿ ಹಲ್ಲು ಬಂದ ಮರಿಗೆ, ಮೈ ಬೆಚ್ಚಗಾದ ಮೇಲೆ, ಬೇಯಿಸಿ ನುಣ್ಣಗೆ ಅರೆದ ಕೋಳಿ ಮಾಂಸವನ್ನು ಬೆರಳಲ್ಲಿ ಇಡಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇರಬಾರದು. ಮನೆಯಲ್ಲಿ ಮಾಂಸ ಬೇಯಿಸದವರು ಅಂಗಡಿಯಲ್ಲಿ ಸಿಗುವ ಮರಿಗಳ ಮೆದು ಆಹಾರ ತನ್ನಿ. ಹಾಲನ್ನ, ಮೊಸರನ್ನದಲ್ಲಿ ಬೆಕ್ಕು ಬದುಕುವುದಿಲ್ಲ.

## ಹಂತ 5: ಉಚ್ಚೆ, ಕಕ್ಕ ಮಾಡಿಸುವುದು

ಮೂರು ವಾರದೊಳಗಿನ ಮರಿಗೆ ತಾನಾಗಿ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿದರೆ ಮಾತ್ರ ಬರುತ್ತದೆ. ಗೊತ್ತಿಲ್ಲದವರ ಮನೆಯಲ್ಲಿ ಮರಿಯ ಹೊಟ್ಟೆ ಉಬ್ಬುತ್ತಾ ಹೋಗುತ್ತದೆ.

ಹತ್ತಿಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಪ್ರತಿ ಸಲ ಹಾಲು ಕೊಡುವ ಮೊದಲೋ ಆಮೇಲೋ ಬಾಲದ ಕೆಳಗೆ ಮೆತ್ತಗೆ ಸವರುತ್ತಾ ಇರಿ. ಒಂದು ನಿಮಿಷದೊಳಗೆ ಉಚ್ಚೆ ಬರುತ್ತದೆ. ಬಣ್ಣ ತಿಳಿಯಾಗಿರಬೇಕು. ಗಾಢ ಹಳದಿಯಾದರೆ ಮೈಗೆ ನೀರು ಸಾಲುತ್ತಿಲ್ಲ. ಕಕ್ಕ ಪ್ರತಿ ಸಲ ಬರುವುದಿಲ್ಲ, ದಿನಕ್ಕೆ ಒಮ್ಮೆ ಬಂದರೂ ಸಾಕು. ಸಾಸಿವೆ ಬಣ್ಣದ ಮೆದು ಕಕ್ಕ ಒಳ್ಳೆಯದು. ಬಂದಿಲ್ಲ ಎಂದು ಹರಳೆಣ್ಣೆ, ಬಜೆ, ಗ್ರೈಪ್ ವಾಟರ್ ಕೊಡಬೇಡಿ. ನಮ್ಮ ಕೂಸುಗಳಿಗೆ ಆಗುವುದು ಬೆಕ್ಕಿಗೆ ಆಗುವುದಿಲ್ಲ.

## ಹಂತ 6: ಚಿಗಟ, ಇರುವೆ, ಹುಳ

ಇದಕ್ಕೆ ಕೈ ಹಾಕುವುದು ಮರಿ ಬೆಚ್ಚಗಾಗಿ, ಹಾಲು ಕುಡಿದ ಮೇಲೆ. ಇರುವೆ ಮಾತ್ರ ಸಿಕ್ಕಿದ ತಕ್ಷಣ ತೆಗೆಯಿರಿ.

ಕೂದಲಲ್ಲಿ ಕರಿ ಪುಡಿ ಕಂಡರೆ ಒದ್ದೆ ಹತ್ತಿಯ ಮೇಲೆ ಹಾಕಿ. ಕೆಂಪಾಗಿ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಮರಿಯದೇ ರಕ್ತ. ಪುಟ್ಟ ಮರಿಯನ್ನು ಚಿಗಟಗಳು ರಕ್ತ ಹೀರಿಯೇ ಕೊಲ್ಲಬಲ್ಲವು. ಹೇನಿನ ಬಾಚಣಿಗೆಯಿಂದ ಬಾಚಿ, ಪ್ರತಿ ಸಲವೂ ಸೋಪಿನ ನೀರಿಗೆ ಅದ್ದಿ. ತುಂಬಾ ಇದ್ದರೆ ಮಗುವಿನ ಸೋಪಿನ ನೊರೆಯನ್ನು ಮೊದಲು ಕುತ್ತಿಗೆ ಸುತ್ತ ಹಚ್ಚಿ, ಇಲ್ಲವಾದರೆ ಎಲ್ಲವೂ ತಲೆಗೆ ಏರುತ್ತವೆ. ಎರಡೇ ನಿಮಿಷದಲ್ಲಿ ತೊಳೆದು ಪೂರ್ತಿ ಒಣಗಿಸಿ, ಮತ್ತೆ ಶಾಖಕ್ಕೆ ಇಡಿ.

ನಾಯಿಗೆ ಹಾಕುವ ಚಿಗಟದ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಬೆಕ್ಕು ಸಾಯುತ್ತದೆ. ಫಿನಾಯಿಲ್, ಡೆಟಾಲ್, ಕರ್ಪೂರ, ಸೀಮೆಎಣ್ಣೆ ಮರಿಯ ಮೈಗೂ ಡಬ್ಬಕ್ಕೂ ತಾಗಬಾರದು. ಗಾಯದಲ್ಲಿ ಹುಳ ಇದ್ದರೆ ದನಕ್ಕೆ ಹಾಕುವ ಹಾಗೆ ಟರ್ಪೆಂಟೈನ್ ಸುರಿಯಬೇಡಿ, ಅದು ವೈದ್ಯರ ಕೆಲಸ. ಜ್ವರ ಎಂದು ಪ್ಯಾರಾಸಿಟಮಾಲ್ ಒಂದು ಚೂರು ಕೊಟ್ಟರೂ ಬೆಕ್ಕಿನ ಜೀವಕ್ಕೆ ಅಪಾಯ.

ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಮರಿಯನ್ನು ಬೇರೆ ಕೋಣೆಯಲ್ಲಿಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮರಿ ನಿಮ್ಮನ್ನು ಕಚ್ಚಿ ಅಥವಾ ಪರಚಿ ರಕ್ತ ಬಂದರೆ ಹದಿನೈದು ನಿಮಿಷ ಸೋಪು ಹಾಕಿ ನೀರಿನಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಬಗ್ಗೆ ಕೇಳಿ. ಮರಿಯಲ್ವಾ, ಏನಾಗುತ್ತದೆ ಎಂದು ಬಿಡಬೇಡಿ.

## ಇವು ಕಂಡರೆ ಕಾಯಬೇಡಿ

ಎರಡು ಮೂರು ಗಂಟೆ ಶಾಖ ಕೊಟ್ಟರೂ 96 ಡಿಗ್ರಿ ಮುಟ್ಟದಿರುವುದು. ಬಿಳಿ ಅಥವಾ ನೀಲಿ ಒಸಡು. ಬಾಯಿ ತೆರೆದು ಉಸಿರಾಡುವುದು. ಫಿಟ್ಸ್. ನೀರಿನಂಥ ಭೇದಿ. ಮುಟ್ಟಿದರೆ ಗಟ್ಟಿಯಾಗಿರುವ ಹೊಟ್ಟೆ. ಸತತ ಎರಡು ಸಲ ಹಾಲು ಬೇಡ ಎನ್ನುವುದು. ಬೆಚ್ಚಗಿದ್ದು, ಹೊಟ್ಟೆ ತುಂಬಿದ್ದರೂ ಬಿಡದೆ ಕೂಗುವುದು. ಇನ್ನೊಂದು, ಅಳುತ್ತಿದ್ದ ಮರಿ ಇದ್ದಕ್ಕಿದ್ದಂತೆ ಸುಮ್ಮನಾಗಿ ಮೈ ಜೋತುಬೀಳುವುದು. "ನಿದ್ದೆ ಬಂತು" ಎಂದುಕೊಂಡು ಬಿಟ್ಟುಬಿಡುವುದು ಇದನ್ನೇ.

ಹೊರಡುವ ಮೊದಲು ಫೋನ್ ಮಾಡಿ ಬೆಕ್ಕಿನ ಮರಿ ನೋಡುತ್ತೀರಾ ಎಂದು ಕೇಳಿ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಹೆಚ್ಚಿನ ಕೆಲಸ ದನಕರುಗಳದ್ದೇ ಆದರೂ ಹೋಗಿ ಕೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರಿನಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಹತ್ತಿರ ಇದ್ದವರು ಅಲ್ಲಿ ವಿಚಾರಿಸಿ. ದಾರಿಯಲ್ಲಿ ಬಿಸಿ ಬಾಟಲಿ ಜೊತೆಗಿರಲಿ. ಆಸ್ಪತ್ರೆಗೆ ಹೋಗುವ ಬೈಕಿನ ಗಾಳಿಗೆ ಮರಿ ಮತ್ತೆ ತಣ್ಣಗಾದದ್ದನ್ನು ಕಂಡಿದ್ದೇನೆ.

## ಹಂತ 7: ಎರಡು ದಿನದ ಲೆಕ್ಕ

ಒಂದು ಹಾಳೆಯಲ್ಲಿ ಐದು ಸಾಲು ಬರೆಯುತ್ತಾ ಹೋಗಿ: ಸಮಯ, ಮೈ ಬಿಸಿ, ಎಷ್ಟು ಮಿಲಿ ಕುಡಿಯಿತು, ಉಚ್ಚೆ, ಕಕ್ಕ. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಹಾಲು ಕೊಡುವ ಮೊದಲು ತೂಕ ಮಾಡಿ. ಮನೆಯವರು ಸರದಿ ಮೇಲೆ ಎಚ್ಚರ ಇದ್ದರೆ ಈ ಹಾಳೆ ಇನ್ನೂ ಬೇಕು. ಇಲ್ಲದಿದ್ದರೆ ಒಬ್ಬರು ಕುಡಿಸಿದ್ದು ಗೊತ್ತಿಲ್ಲದೆ ಇನ್ನೊಬ್ಬರು ಕುಡಿಸುತ್ತಾರೆ.

ಮೊದಲ ದಿನ ತೂಕ ಇಳಿಯದಿದ್ದರೆ ಅದೇ ದೊಡ್ಡದು. ಆಮೇಲೆ ದಿನಕ್ಕೆ 10 ಗ್ರಾಂ ಆಸುಪಾಸು ಏರಬೇಕು. 24 ಗಂಟೆಯಲ್ಲಿ ತೂಕ ಏರದೆ ನಿಂತರೆ, ಮರಿ ಎಷ್ಟೇ ಚುರುಕಾಗಿ ಕಂಡರೂ ವೈದ್ಯರಿಗೆ ತೋರಿಸಿ.

ಎಲ್ಲ ಸರಿ ಇದ್ದರೂ ಮೂರನೇ ದಿನದೊಳಗೆ ಒಮ್ಮೆ ಕರೆದುಕೊಂಡು ಹೋಗಿ. ಆ ಹಾಳೆ ಜೊತೆಗಿರಲಿ. ಅವತ್ತು ಬೆಳಗಿನ ಕಕ್ಕವನ್ನು ಒಂದು ಚಿಕ್ಕ ಡಬ್ಬಿಯಲ್ಲಿ ಹಾಕಿ ಒಯ್ಯಿರಿ. ಜಂತುಹುಳದ ಔಷಧಿ ಯಾವುದು, ಎಷ್ಟು, ಯಾವಾಗ ಎಂದು ಅವರು ಅದನ್ನು ಮತ್ತು ತೂಕವನ್ನು ನೋಡಿಯೇ ಹೇಳುತ್ತಾರೆ.